ಮಣ್ಣಿನ ಹಕ್ಕಿಗೆ ನಾನು ಪಂಚ

ಇನ್ನೊಬ್ಬರು ಮಾಡಿದ್ದು ಸರಿಯೋ ತಪ್ಪೋ ಎಂದು ಕುಳಿತಲ್ಲಿಂದಲೇ ಹೇಳುವುದರಲ್ಲಿರುವ ಸುಖ, ಸ್ವತಃ ಆ ಕೆಲಸ ಮಾಡುವುದರಲ್ಲಿ ಇಲ್ಲ. ಮಾಸ್ತರಿಕೆ ಹಿಡಿದವರಿಗೆ ಇದು ಬೇಗ ತಿಳಿಯುತ್ತದೆ. ನಾನು ಜನ್ಮದಲ್ಲಿ ಬಂದೂಕು ಮುಟ್ಟಿದವನಲ್ಲ; ದೀಪಾವಳಿಯಲ್ಲಿ ಪಟಾಕಿಗೆ ಊದುಬತ್ತಿ ಹಿಡಿಯುವಾಗಲೂ ನನ್ನ ಕಾಲು ಮೊದಲೇ ಮನೆಯ ಕಡೆ ತಿರುಗಿರುತ್ತಿತ್ತು. ಅಂಥವನು ಒಂದು ಕಾಲಕ್ಕೆ, ಬಂದೂಕಿನ ಆಟದಲ್ಲಿ ತೀರ್ಪು ಹೇಳುವ ಪಂಚನಾಗಿ ವಿಲಾಯತಿಗೆ ಹೋಗಿಯೇ ಬಿಡುತ್ತೇನೆಂದು ಸವದತ್ತಿ ಪೇಟೆಯ ತುಂಬ ಹೇಳಿಕೊಂಡು ತಿರುಗಿದ್ದೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಹೂಲಿಯ ಆಚೆಯ ಹಳ್ಳಿಯೊಂದರ ದೇಸಾಯರಿಗೆ ಬೇಟೆ ಬೇಸರವಾಗಿ, ಮಣ್ಣಿನ ಹಕ್ಕಿ ಹೊಡೆಯುವ ಹುಚ್ಚು ಹಿಡಿದಿತ್ತು. ಹಕ್ಕಿ ಎಂಬುದು ಹೆಸರಿಗೆ ಮಾತ್ರ. ಅದು ಅಂಗೈಯಗಲದ ಒಂದು ಬಿಲ್ಲೆ. ನೆಲದಲ್ಲಿ ತೋಡಿದ ಕುಣಿಯೊಳಗಿನ ಸ್ಪ್ರಿಂಗಿನ ಯಂತ್ರ ಅದನ್ನು ಗಾಳಿಗೆ ಎಸೆಯುತ್ತದೆ, ನೆಲಕ್ಕೆ ಬೀಳುವುದರೊಳಗೆ ಹೊಡೆದು ಒಡೆಯಬೇಕು. ಇದರಲ್ಲಿ ದೇಶದೇಶಗಳ ನಡುವೆ ಪಂದ್ಯ ನಡೆಯುತ್ತದೆ, ನಮ್ಮ ದೇಶದ ತಂಡಕ್ಕೆ ಮುಂಬಯಿಯಲ್ಲಿ ಆಯ್ಕೆ ಇದೆ ಎಂದು ದೇಸಾಯರಿಗೆ ಸುದ್ದಿ ಬಂದಿತ್ತು. ನಿಯಮಗಳ ಇಂಗ್ಲಿಷ್ ಪುಸ್ತಕ ಓದಿ ಹೇಳಲು ನನ್ನನ್ನು ಕರೆಸಿದರು. "ಮಾಸ್ತರ, ನೀವ ಪಂಚರಾಗ್ರಿ. ನನ್ನ ಆಯ್ಕಿ ಆತಂದ್ರ ವಿಲಾಯತಿಗೂ ನೀವ ಬರಬೇಕು" ಎಂದರು. ಮರುದಿನವೇ ನಾನು ಉಣ್ಣೆಯ ಕೋಟಿಗೆ ಅಳತೆ ಕೊಟ್ಟು ಬಂದೆ. "ಅಲ್ರೀ, ಗುಂಡು ಹೊಡಿಯೋರು ಅವರು. ನಿಮಗ್ಯಾಕ ಕೋಟು?" ಎಂದಳು ನನ್ನ ಹೆಂಡತಿ. ತಿಳಿಯದವರ ಜೊತೆ ನಾನು ವಾದ ಮಾಡುವವನಲ್ಲ.

ಮುಂಬಯಿಯಿಂದ ತರಿಸಿದ ಬಿಲ್ಲೆಗಳು ಧಾರವಾಡದಲ್ಲಿ ರೈಲಿಳಿದು, ಬಸ್ಸಿನ ನೆತ್ತಿಯ ಮೇಲೆ ಕುಣಿದು ಸವದತ್ತಿ ಮುಟ್ಟುವಷ್ಟರಲ್ಲಿ ದೇಸಾಯರಿಗೆ ಒಡೆಯಲು ಏನೂ ಉಳಿಯುತ್ತಿರಲಿಲ್ಲ. ಆಗ ಊರ ಕುಂಬಾರ ಫಕೀರಪ್ಪನಿಗೆ ಹೇಳಿದೆವು. ಅವನು ರೊಟ್ಟಿಯ ಹಂಚು ಸುಟ್ಟಂತೆ ಸುಟ್ಟು ತಂದುಕೊಟ್ಟ. ದೇಸಾಯರು ಯಂತ್ರದ ಆಳಿಗೆ "ಬಿಡಲೇ!" ಎಂದು ಕೂಗಿದರು. ಬಿಲ್ಲೆ ಹಾರಿತು, ಈಡು ಹಾರಿತು, ಸೀಸದ ಕಾಳು ಬಡಿದು ಠಣ್ ಎಂದಿತು. ಬಿಲ್ಲೆ ಹೋಗಿ ಎರಿ ಹೊಲದ ಕರಿಮಣ್ಣಿನಲ್ಲಿ ಆರಾಮಾಗಿ ಕೂತಿತು. ಕಣ್ಣಿಗೆ ಕಾಣುವಂತೆ ಒಂದು ಚೂರಾದರೂ ಒಡೆಯಬೇಕೆಂದು ಪುಸ್ತಕದಲ್ಲಿತ್ತು. ನಾನು "ಇಲ್ಲರಿ" ಎಂದೆ.

ಸ್ವಲ್ಪ ಮೆತ್ತಗೆ ಸುಡು ಮಾರಾಯಾ ಎಂದರೆ ಫಕೀರಪ್ಪನಿಗೆ ಸಿಟ್ಟೇ ಬಂತು. "ಒಡ್ಯಾಕಂತ ಮಾಡೂದಂದ್ರ ಹೆಂಗ್ರಿ ಧಣಿ? ಫಕೀರಪ್ಪನ ಸಾಮಾನ ಒಡೀತು ಅಂತ ಮಂದಿ ಅಂದ್ರ, ನಾಳೆ ನನ್ನ ಗಡಿಗಿ ಯಾರ ತಗೋತಾರ?" ಎಂದ. ಕಡೆಗೆ ಹೂಂ ಅಂದು ಹೋದವನು ಮುಂದಿನ ವಾರ ತಂದದ್ದು ಇನ್ನೂ ಗಟ್ಟಿ. ಊರ ಹೆಂಗಸರು ಹೊಲದಲ್ಲಿ ಬಿದ್ದ ಬಿಲ್ಲೆಗಳನ್ನು ಆರಿಸಿ ಮೊಸರಿನ ಗಡಿಗೆಗೆ ಮುಚ್ಚತೊಡಗಿದರು.

ನಾನು "ಇಲ್ಲರಿ" ಅಂದಂತೆಲ್ಲ ದೇಸಾಯರ ಮೋರೆ ಸಣ್ಣದಾಗುತ್ತಿತ್ತು. ಮೊದಮೊದಲು ಚಹಾದ ಜೊತೆ ಚೂಡಾ, ಲಾಡು ಬರುತ್ತಿದ್ದವು. ಆಮೇಲೆ ಬರೀ ಚಹಾ. ಕಡೆಗೆ ನೀರು ಬೇಕೇನ್ರಿ ಎಂದು ಕೇಳುವವರೂ ಇಲ್ಲ. ವಿಲಾಯತಿ ಕೈ ಬಿಟ್ಟು ಹೋಗುವುದು ಕಂಡಿತು. ತಲೆ ಓಡಿಸಿ ನಾನೇ ಒಂದು ನಿಯಮ ಮಾಡಿದೆ: ಕಣ್ಣಿಗೆ ಕಾಣದಿದ್ದರೇನು, ಕಿವಿಗೆ ಕೇಳಿದರೆ ಸಾಕು. ಅಂದಿನಿಂದ ಕಣ್ಣು ಮುಚ್ಚಿ, ಕಿವಿಗೆ ಕೈ ಹಚ್ಚಿ ನಿಲ್ಲುತ್ತಿದ್ದೆ. ಠಣ್ ಎಂದರೆ "ಬಡೀತ್ರಿ!" ಎನ್ನುತ್ತಿದ್ದೆ. ದೇಸಾಯರೂ ಈಡು ಹಾರಿಸಿ ನನ್ನ ಮೋರೆ ನೋಡುವುದನ್ನು ರೂಢಿ ಮಾಡಿಕೊಂಡರು. ಲಾಡು ಮತ್ತೆ ಬಂತು.

ಮುಂಬಯಿಗೆ ಇಬ್ಬರೂ ಕೂಡಿಯೇ ಹೋದೆವು. ಆಯ್ಕೆಯ ದಿನ ದೇಸಾಯರು ಮೊದಲ ಈಡು ಹಾರಿಸಿ, ರೂಢಿಯಂತೆ ಹೊರಳಿ ನನ್ನನ್ನು ನೋಡಿದರು. ನಾನೂ ರೂಢಿಯಂತೆ ಕಣ್ಣು ಮುಚ್ಚಿ ನಿಂತಿದ್ದೆ. ಠಣ್ ಇಲ್ಲ, ಏನಿಲ್ಲ. "ಇಲ್ಲರಿ" ಎಂದು ತಲೆ ಅಲ್ಲಾಡಿಸಿದೆ. ಸುತ್ತಲಿನವರು ಚಪ್ಪಾಳೆ ತಟ್ಟುವುದು ಕೇಳಿ ಕಣ್ಣು ತೆರೆದರೆ, ಗಾಳಿಯಲ್ಲಿ ಬರೀ ಕರೀ ಧೂಳು. ಅಲ್ಲಿಯ ಬಿಲ್ಲೆ ಒಂದು ಕಾಳು ತಗುಲಿದರೂ ಪುಡಿಯಾಗುತ್ತಿತ್ತು. ದೇಸಾಯರು ಆಮೇಲೆ ನನ್ನ ಕಡೆ ಹೊರಳಲೇ ಇಲ್ಲ. ಸಂಜೆಗೆ ಅವರ ಆಯ್ಕೆಯಾಯಿತು.

ತಿರುಗಿ ಬರುವಾಗ ರೈಲಿನಲ್ಲಿ ಧೈರ್ಯ ಮಾಡಿ, "ನಾವು ಹೊರಡೂದು ಯಾವಾಗರಿ?" ಎಂದು ಕೇಳಿದೆ. ದೇಸಾಯರು ಒಳ್ಳೆಯವರು, ಮೆತ್ತಗೇ ಹೇಳಿದರು: "ಮಾಸ್ತರ, ಅಲ್ಲಿ ಬಿಲ್ಲಿ ಒಡೀತಾವ. ಒಡದದ್ದು ಎಲ್ಲಾರ ಕಣ್ಣಿಗೂ ಕಾಣತೈತಿ. ನಿಮಗ್ಯಾಕ ತ್ರಾಸ?"

ಪೇಟೆಯವರ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಮನೆ ಸೇರಿದೆ. "ದೇಸಾಯರದು ಆತಂತಲ್ಲ! ನೀವೂ ಹೊಂಟ್ರೇನು?" ಎಂದಳು ಹೆಂಡತಿ.

"ಇಲ್ಲ" ಎಂದೆ. ಪಂಚನಾದ ಮೇಲೆ ನಾನು ಕೊಟ್ಟ "ಇಲ್ಲ" ಎಂಬ ತೀರ್ಪುಗಳಲ್ಲಿ ಯಾರೂ ತಕರಾರು ಮಾಡದೆ ಒಪ್ಪಿಕೊಂಡದ್ದು ಅದೊಂದೇ.