ರಾಕ್ಷಸರಿಗೊಂದು ರಹವಾಸಿ ಸರ್ಟಿಫಿಕೇಟು

ನಮ್ಮ ಕಾಕಾನಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ನಾನರಿಯೆ, ರಾಕ್ಷಸರ ಮೇಲಂತೂ ಭಾರಿ ಅಕ್ಕರೆ. ನಗಬೇಡಿ! ಚಿತ್ತಾಪುರದ ಕಚೇರಿಯಲ್ಲಿ ಯಾರು ಯಾವ ಊರಿನ ನಿವಾಸಿಯೆಂದು ರಹವಾಸಿ ಸರ್ಟಿಫಿಕೇಟು ಬರೆದು ಬರೆದೇ ನಿವೃತ್ತರಾದ ಮನುಷ್ಯ. ಎದುರಿಗೆ ಯಾರೇ ಬಂದರೂ ಮೂಲ ಊರು ಕೇಳದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ.

ರಾಕ್ಷಸರು ಎಲ್ಲಿಂದ ಬಂದರು ಅಂತೀರಾ? ನನ್ನ ಮಗಳು ಕರೆತಂದಳು! ಭಾನುವಾರ ಮಧ್ಯಾಹ್ನ ವಾಡಿಯಿಂದ ಅವಳ ಇಬ್ಬರು ಗೆಳತಿಯರು ನಮ್ಮ ಶಹಾಬಾದಿನ ಮನೆಗೆ ಬರುತ್ತಾರೆ. ಪಡಸಾಲೆಯ ಫರಸಿಯ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ಇಪ್ಪತ್ತು ಮುಖದ ದಾಳ ಉರುಳಿಸಿ ಆಡುತ್ತಾರೆ. ಒಬ್ಬೊಬ್ಬರೂ ವೀರರಾಗಿ ಗುಹೆಗೆ ನುಗ್ಗಬೇಕು, ಅಡ್ಡ ಬಂದ ರಾಕ್ಷಸ, ಭೂತಗಳನ್ನು ಬಡಿದು ನಿಧಿ ತರಬೇಕು. ಪುಸ್ತಕ ಹಿಡಿದು ಕಥೆ ಹೇಳಿ ಆಡಿಸುವವಳು, ರಾಕ್ಷಸ, ಭೂತಗಳ ಮಾತನ್ನೂ ತಾನೇ ಆಡುವವಳು ನನ್ನ ಮಗಳು. ಕಾಕಾ ಅವರಿಗೆಲ್ಲ ಅಜ್ಜ, ಅಂದರೆ ಮುತ್ಯಾ. ಒಂದು ವಾರ ಕಾಕಾ "ನಾನೂ ಕುಂದರ್ತೀನಿ" ಎಂದು ಮೊಣಕಾಲು ಹಿಡಿದುಕೊಂಡು ಕೂತರು ನೋಡಿ, ಮುಗಿಯಿತು ಕಥೆ!

ಮೊದಲು ಬಂದದ್ದು ಎತ್ತಿನ ತಲೆಯ ಮಿನೊಟಾರ್.

"ಇಂವ ಯಾವ ಊರಾಂವ?"

"ಗ್ರೀಕ್ ಪುರಾಣದಾಂವ, ಮುತ್ಯಾ. ಅವನಪ್ಪ ಒಂದು ಹೋರಿ."

"ಹಂಗಾದ್ರ ನಮ್ಮ ಮಹಿಷಾಸುರನ ಬೀಗರ ಪೈಕಿ ಇರಬೇಕು. ರೇಷನ್ ಕಾರ್ಡಿನಾಗ ಹೋರಿ ಹೆಸರು ಅದನೋ ಇಲ್ಲೋ?"

ಹುಡುಗಿಯರು ಕತ್ತಿ ಎತ್ತಿಕೊಂಡು ಕಾದರು, ಕಾಕಾ ಹಾಳೆ ತೆಗೆದು ವಂಶಾವಳಿ ಬರೆದರು.

ಮುಂದಿನ ವಾರ ಬ್ಯಾಸಿಲಿಸ್ಕ್. ಹುಂಜದ ಮೊಟ್ಟೆಯಲ್ಲಿ ಹುಟ್ಟಿ, ಬರೀ ನೋಟದಿಂದಲೇ ಕೊಲ್ಲುವ ಸರ್ಪವಂತೆ.

"ಹುಂಜ ತತ್ತಿ ಇಡ್ತದೇನು? ದನದ ಡಾಕ್ಟರ್ ಸಹಿ ತೊಗೊಂಡು ಬಾ! ಇನ್ನ ಕೆಟ್ಟ ನೋಟ ಅಂದ್ರ, ಅದಕ್ಕ ದೃಷ್ಟಿ ತಗದ್ರ ಸಾಕು."

ತಡೆಯುವಷ್ಟರಲ್ಲಿ ಅಡುಗೆಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ಸುಟ್ಟೇಬಿಟ್ಟರು! ನಾವೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಸರ್ಪ ಸತ್ತಿತೆಂದು ಮಗಳು ಅಂಗಳದಿಂದಲೇ ಘೋಷಿಸಿದಳು.

ಆಮೇಲೆ ನಮ್ಮ ಪುರಾಣದ ರಾಕ್ಷಸನೇ ಬಂದ. ಆದರೆ ಪುಸ್ತಕದಲ್ಲಿ ಅವನಿಗೆ ಹುಲಿಯ ತಲೆ! ಕಾಕಾ ಕೆಂಡವಾದರು. "ಫೋಟೊ ತಾಳೆ ಆಗ್ವಲ್ದು! ಇಂವಗ 371-ಜೆ ಸರ್ಟಿಫಿಕೇಟ್ ಕೊಡ್ಲಿಕ್ಕೆ ಬರಂಗಿಲ್ಲ!" ನಮ್ಮ ಭಾಗದವರಿಗೆ ನೌಕರಿಯಲ್ಲಿ ಸಿಗುವ ಮೀಸಲಾತಿ ರಾಕ್ಷಸನಿಗೇಕೆ ಎಂದು ಕೇಳುವ ಧೈರ್ಯ ಯಾರಿಗಿದೆ?

ವಾಡಿಯ ಹುಡುಗಿಯರಿಗೆ ಸಾಕಾಯಿತು. "ಮುತ್ಯಾ, ಇನ್ನೊಮ್ಮೆ ಆಟ ನಿಲ್ಲಿಸಿದ್ರಿ ಅಂದ್ರ ನಿಮ್ಮನ್ನ ಆಟದಾಗಿಂದ ತಗದ್ಬಿಡ್ತೀವ್ರಿ."

ಕಾಕಾನ ಮುಖ ಇಳಿದುಹೋಯಿತು. ಗುರುವಾರದಿಂದಲೇ ಧೋತರಕ್ಕೆ ಇಸ್ತ್ರಿ ಹಾಕಿಸಿಕೊಂಡು ಭಾನುವಾರಕ್ಕೆ ಕಾಯುವ ಜೀವ ಅದು! "ತುಟಿ ಪಿಟಕ್ಕನ್ನಂಗಿಲ್ಲವ್ವ" ಎಂದು ಮಾತು ಕೊಟ್ಟರು.

ಮರುವಾರ ಕಡೆಯ ಗುಹೆ. ನಿಧಿ ಎದುರಿಗೇ ಇದೆ. ಮಗಳು ದನಿ ತಗ್ಗಿಸಿ ಓದಿದಳು: "ಬಿಚ್ಚಿದ ಕೂದಲು, ಹಿಂದಮುಂದ ಪಾದ. ಹಡಿಯೂದ್ರಾಗ ಸತ್ತ ಬಾಣಂತಿ ದೆವ್ವ. ಭಾಳ ದೇಶದ ಕಥಿಯೊಳಗ ಇಂಥಾಕಿ ಅದಾಳ."

ಗೆಳತಿ ದಾಳ ಎತ್ತಿದಳು. ಕಾಕಾ ಅವಳ ಕೈ ಹಿಡಿದರು.

"ಹೊಡಿಬ್ಯಾಡವ್ವ."

"ಮುತ್ಯಾ, ಮಾತು ಕೊಟ್ಟೀರಿ! ಈಗ ನೀವು ಆಟ ಬಿಡಬೇಕಾಗ್ತದ."

"ಬಿಡ್ತೀನಿ. ಅಕಿನ್ನ ಮಾತ್ರ ಹೊಡಿಬ್ಯಾಡ್ರಿ."

ನಾನೋ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕೆ. "ಯಾಕ್ರಿ ಕಾಕಾ, ಅಕಿ ಊರು ಕೇಳಂಗಿಲ್ಲೇನು?"

"ಗೊತ್ತದ. ತೆಂಗಳಿ."

ನನ್ನ ನಗು ಅಲ್ಲೇ ನಿಂತಿತು. ತೆಂಗಳಿಯಲ್ಲಿ ಕಾಕಾ ಹುಟ್ಟಿದ ದಿನವೇ ಅವರ ತಾಯಿ, ನಮ್ಮ ಅಜ್ಜಿ, ತೀರಿಕೊಂಡದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹಲ್ಲು ಕಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ಸಣ್ಣಾಂವಿದ್ದಾಗ, 'ನಿಮ್ಮವ್ವ ದೆವ್ವ ಆಗ್ಯಾಳ' ಅಂತ ಊರಾಗ ನನ್ನ ಹೆದರಸ್ತಿದ್ರು" ಎಂದರು ಕಾಕಾ. "ನಾ ಹೆದರ್ತಿದ್ದಿಲ್ಲ. ಇವತ್ತರೆ ಬರ್ತಾಳೇನಂತ ಬಾಗಿಲ ಕಡಿ ನೋಡ್ಕೋತ ಕುಂದರ್ತಿದ್ದೆ."

ವಾಡಿಯ ಹುಡುಗಿ ದಾಳವನ್ನು ಮೆಲ್ಲಗೆ ಕೆಳಗಿಟ್ಟಳು. "ಈಗ ನಿಮ್ಮ ಪಾಳಿ ಮುತ್ಯಾ. ಆಡ್ರಿ."

ಕಾಕಾ ತಮ್ಮ ವೀರನೆಂದು ಇಟ್ಟುಕೊಂಡಿದ್ದ ಕೋಟಿನ ಗುಂಡಿಯನ್ನು ಒಂದೊಂದೇ ಮನೆ ಸರಿಸುತ್ತ ಆ ಬಾಣಂತಿಯ ಪಕ್ಕಕ್ಕೆ ಒಯ್ದರು. ಮಗಳು ಪುಸ್ತಕ ಮುಚ್ಚಿಟ್ಟು ಅವರ ಗಲ್ಲ ಮುಟ್ಟಿದಳು.

"ಎಷ್ಟು ದೊಡ್ಡಾಂವ ಆಗೀಯಪ್ಪಾ!"

ಎಪ್ಪತ್ತು ದಾಟಿದ ಕಾಕಾ ಬಿಕ್ಕಿ ಬಿಕ್ಕಿ ಅತ್ತರು. "ಹೌದವ್ವಾ" ಎಂದರು, "ನೀ ಭಾಳ ತಡಾ ಮಾಡಿದಿ."