ಕಾಕಾನಿಗೆ ಮರ್ಯಾದೆ ಕೊಟ್ಟ ದಿನ

ನಾಲ್ಕನೇ ಕ್ಲಾಸಿಗೇ ಇಸ್ಕೂಲು ನನ್ನನ್ನು ಬಿಟ್ಟಿತು, ನಮ್ಮೂರ ಕೂಡುರಸ್ತೆ ಹ್ಯಾಂಡ್‌ಪೋಸ್ಟ್ ಬಿಡಲಿಲ್ಲ. ಮಲಬಾರಿಂದ ಬಂದು ಇಲ್ಲಿ ಚಾ ಅಂಗಡಿ ಇಟ್ಟಿರೋ ಕಾಕಾನ ಬೆಂಚಿನ ಮೇಲೆ ಕೂತರೆ ಸಾಕು, ಒಂದಲ್ಲ ಒಂದು ನಗೆಪಾಟಲು ತಾನೇ ನಡಕೊಂಡು ಬರುತ್ತೆ. ಅವನ ಕನ್ನಡದ ಮೇಷ್ಟ್ರು ಬೇರೆ ನಾನೇ! ಪಾಪ, ಅವನಿಗೆ ಕಲಿಯೋ ಅರ್ಜೆಂಟು. "ಗೊತ್ತಿಲ್ಲದ ಊರಲ್ಲಿ ನನ್ನ ಮಗಳಿಗೆ ಯಾರು ದಿಕ್ಕು?" ಅಂತ ಹೆಣ್ಣು ಕೊಟ್ಟ ಮಾವ ಇವನ ಹೆಂಡತಿಯನ್ನು ಇಲ್ಲಿಗೆ ಕಳಿಸಿರಲಿಲ್ಲ.

ಊಟ ಆಯ್ತಾ?

ಎದುರು ಸಿಕ್ಕವರನ್ನು "ಊಟ ಆಯ್ತಾ?" ಅಂತ ಕೇಳೋದು ನಮ್ಮ ಕಡೆ ಪದ್ಧತಿ. ಹಸಿದಿದ್ದರೂ "ಆಯ್ತು" ಅಂತ ನಡೀತಿರಬೇಕು. ಕಾಕಾನಿಗೆ ನಾನು, "ಅವರು ಕೇಳೋದು ಅವರ ಮನೇಲಿ ಉಂಡೆಯಾ ಅಂತ. ಉಂಡಿಲ್ದಿದ್ರೆ ಇಲ್ಲ ಅನ್ನು" ಅಂದೆ.

ಹಾಲಿಗೆ ಅಂತ ಊರೊಳಕ್ಕೆ ಹೋದವನು ಕೇಳಿದವರಿಗೆಲ್ಲ "ಇಲ್ಲ" ಅಂದ. ಇಲ್ಲ ಅಂದವನನ್ನ ಹಂಗೇ ಕಳಿಸೋಕಾಯ್ತದಾ? ಜಗಲಿ ಜಗಲಿಗೂ ಎಲೆ ಬಿತ್ತು. ಸಂಜೆ ನೋಡಿದರೆ ಅಂಗಡಿ ಮುಚ್ಚಿ ಬೆಂಚಿನ ಮೇಲೆ ಅಂಗಾತ ಬಿದ್ದಿದ್ದಾನೆ.

"ಮೇಷ್ಟ್ರೇ, ಈ ಊರಲ್ಲಿ ಇನ್ನೂ ಎಷ್ಟು ಮನೆ ಉಂಟು?"

ಮುದ್ದೆ

ಅಂಗಡಿ ಹಿಂದಿನ ಮನೆಯ ಅಜ್ಜಿ ಒಂದಿನ ಬಿಸಿ ರಾಗಿಮುದ್ದೆ ತಂದುಕೊಟ್ಟಳು. "ಅಗೀಬ್ಯಾಡ ಕಣಪ್ಪ, ನುಂಗು" ಅಂದಳು. ನಾನೂ ಅದನ್ನೇ ಅಂದೆ. ನಾನು ಅಂದಿದ್ದಕ್ಕೇ ಅವನಿಗೆ ಅನುಮಾನ ಬಂದು ಚೆನ್ನಾಗಿ ಅಗಿದ. ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಾಗಿ, ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ, ಬರೀ ಕಣ್ಣು ಬಿಡ್ತಾನೆ.

ಅಜ್ಜಿ ಸೊಂಟ ಹಿಡಿದುಕೊಂಡು ನಕ್ಕಳು. "ಬುಡು, ನಮ್ಮೂರು ಬಾಯಿಗೆ ಅಂಟ್ಕತು. ಇನ್ನೆಲ್ಲಿಗೋದಾನು!"

ಮರ್ಯಾದೆ

ಆಮೇಲಾಮೇಲೆ ಊರಿಗೆಲ್ಲ ಅವನು "ಲೇ ಕಾಕಾ" ಆದ. ಅಷ್ಟರಲ್ಲಿ ಕಣ್ಣಾರೆ ನೋಡಿ ತೀರ್ಮಾನ ಮಾಡ್ತೀನಿ ಅಂತ ಮಾವ ಹೊರಟ ಸುದ್ದಿ ಬಂತು. "ಮೇಷ್ಟ್ರೇ, ಅವತ್ತೊಂದಿನ ಎಲ್ಲರೂ ನನಗೆ ಮರ್ಯಾದೆ ಕೊಡಬೇಕು" ಅಂತ ಕಾಕಾ ಕೈಮುಗಿದ. ನಾನು ಊರಿಗೆಲ್ಲ ಸಾರಿದೆ, ಒಂದು ಕೈ ಹೆಚ್ಚಾಗೇ.

ಇದ್ದಿಲು ಉರಿಸಿ ಓಡೋ ಬಸ್ಸಿಂದ ಮಾವ ಇಳಿದ. ಅಂಗಡಿಗೆ ಬಂದ ಊರವರೆಲ್ಲ ರುಮಾಲು ಸರಿಮಾಡಿಕೊಂಡು, "ನಮಸ್ಕಾರ ಸ್ವಾಮಿ, ಚಾ ದಯಪಾಲಿಸ್ತೀರಾ?" ಅನ್ನೋರು. ಕುಡಿದು, ಕೈಮುಗಿದು, ಹಿಂದಿಂದಕ್ಕೆ ಹೆಜ್ಜೆ ಇಟ್ಟು ಹೋಗೋರು. ಒಬ್ಬರೂ ನಗಲಿಲ್ಲ. ಮಾವನ ಮುಖ ಇಳಿಯಿತು. ಅವರ ಭಾಷೆಯಲ್ಲಿ ಏನೋ ಅಂದ. ಕಾಕಾ ಅಳೋ ಹಂಗೆ ನನಗೆ ಹೇಳಿದ: "ಇಲ್ಲಿ ನಿನಗೆ ಒಬ್ಬನೂ ಸ್ನೇಹಿತ ಇಲ್ಲ, ಮಗಳನ್ನು ಕಳಿಸೋದಿಲ್ಲ ಅಂತಾರೆ!"

ಅಜ್ಜಿಗೆ ಹೇಳೋದು ಮರೆತಿದ್ದೆ. ಕೋಲು ಹಿಡಿದು ನುಗ್ಗಿ ಬಂದಳು. "ಲೇ ಕಾಕಾ! ನಿನ್ನೆ ಉಣ್ಣಕೆ ಯಾಕ್ಲಾ ಬರ್ಲಿಲ್ಲ? ಸಾರೆಲ್ಲ ಹಳಸೋಯ್ತು!" ಅಂತ ಕಿವಿ ಹಿಂಡಿದಳು.

"ಸುಮ್ನಿರಜ್ಜಿ, ಮಾವ ಬಂದವ್ರೆ!"

"ಬಂದ್ರೆ ಬರ್ಲಿ, ಅವ್ರಿಗೂ ಮುದ್ದೆ ಇಕ್ತೀನಿ!"

ಮಾತು ತಿಳಿಯದಿದ್ದರೂ ಕಿವಿ ಹಿಂಡಿದ್ದು ಮಾವನಿಗೆ ತಿಳಿಯಿತು. ಹೊಟ್ಟೆ ಕುಣಿಸಿಕೊಂಡು ನಕ್ಕ. ಮುಂದಿನ ತಿಂಗಳೇ ಮಗಳನ್ನು ತಂದು ಬಿಟ್ಟ.

ಆಯಮ್ಮ ಈಗ ಅಜ್ಜಿ ಹತ್ತಿರವೇ ಕನ್ನಡ ಕಲೀತಾ ಇದ್ದಾಳೆ. ನಿನ್ನೆ ಬೆಂಚಿನ ತುಂಬ ಗಿರಾಕಿ ಇರೋವಾಗ ಒಳಗಿಂದ ಅವಳ ಕೂಗು ಬಂತು: "ಲೇ ಕಾಕಾ, ಉಣ್ಣಕ್ ಬತ್ತೀಯೋ ಇಲ್ವೋ?"

ಕಾಕಾ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದ, "ಮೇಷ್ಟ್ರೇ, ಆ ಮರ್ಯಾದೆ ಇನ್ನೂ ಸ್ವಲ್ಪ ಮಿಕ್ಕಿದೆಯಾ?"