ಮಾವನ ಗೋಡೆಯ ಕೆಂಪು ಚುಕ್ಕಿಗಳು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತಿದ್ದೇನೋ! ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಪೆನ್ನಿನಲ್ಲಿ ಮಸಿ ಇರಲಿಲ್ಲ. ಎರಡೂ ಇದ್ದ ದಿನ ಧೈರ್ಯವಿರಲಿಲ್ಲ. ಇವತ್ತು ಹೇಳಿಬಿಡುತ್ತೇನೆ: ಇಡೀ ಆಳಂದ ತಾಲೂಕಿನಲ್ಲಿ ಜನರನ್ನು ಮುಖದಿಂದಲ್ಲ, ಕಾಲಿನಿಂದ ಗುರುತಿಸುತ್ತಿದ್ದವನು ನನ್ನ ಸೋದರಮಾವ ಒಬ್ಬನೇ.

ಹಿರಿಯರ ಮುಂದೆ ಬಗ್ಗುತ್ತಿದ್ದ. ಅವರು ಆಶೀರ್ವಾದಕ್ಕೆ ಕೈ ಎತ್ತಿದರೆ, "ಕಾಲಾಗ ನಾರು ಎದ್ದದೇನ್ರಿ? ಯಾವ ಬಾವಿ ನೀರು ಕುಡೀತೀರಿ?" ಎನ್ನುತ್ತಿದ್ದ! ಎಪ್ಪತ್ತರ ದಶಕದ ಕೊನೆಯ ಮಾತು. ಮೆಟ್ಟಿಲ ಬಾವಿಗೆ ಇಳಿದು, ಕಾಲು ಅದ್ದಿ ಕೊಡ ತುಂಬುವ ಊರು ನಮ್ಮದು. ಇಂದು ಕುಡಿದ ನೀರು ವರ್ಷದ ಮೇಲೆ ಮೊಳದುದ್ದ ಹುಳವಾಗಿ ಪಾದ ಸೀಳಿಕೊಂಡು ಹೊರಬರುತ್ತಿತ್ತು. ಅದೇ ನಾರುಹುಣ್ಣು; ಆ ಕಾಲು ಬಾವಿಗೆ ಅದ್ದಿದರೆ ಹುಳದ ಮರಿಗಳು ಮತ್ತೆ ನೀರಿಗೆ. ನಾವು ಹಣೆಬರಹ ಎಂದೆವು, ಅವನು ಎಣಿಸಿದ.

ಎಣಿಸಿದ್ದನ್ನು ಬರೆಯಲು ತನ್ನ ಮನೆಯ ಮುಂದಿನ ಗೋಡೆಯನ್ನೇ ಹಿಡಿದ. ಮನೆಗೊಂದು ಚೌಕ, ಬಾವಿಗೊಂದು ವೃತ್ತ, ನಾರು ಎದ್ದವರಿಗೆಲ್ಲ ಒಂದೊಂದು ಕೆಮ್ಮಣ್ಣಿನ ಚುಕ್ಕಿ.

"ಗ್ವಾಡಿಗಿ ದಡಾರ ಎದ್ದಾವೇನ್ರಿ ಮಾಮಾ?" ಪಕ್ಕದ ಮನೆಯ ಮೌಲಾಲಿ ಕಿಚಾಯಿಸಿದ.

"ಗ್ವಾಡಿಗಲ್ಲ ಲೇ, ಊರಿಗಿ!"

ನನಗೆ ಹೆಣ್ಣು ನೋಡಲು ಜೇವರ್ಗಿ ಕಡೆ ಹೋದಾಗ ಹುಡುಗಿಯ ತಂದೆಗೆ ಇವನ ಮೊದಲ ಪ್ರಶ್ನೆ: "ನಿಮ್ಮೂರಾಗ ನೀರಿಗಿ ಮೆಟ್ಟಲ ಇಳೀತಾರೋ, ಹಗ್ಗ ಬಿಡ್ತಾರೋ?"

"ಹಗ್ಗಾರೀ..."

"ಹಂಗಾದ್ರ ಹುಡುಗಿ ಚೊಲೊ ಅದಾಳ!"

ಹುಡುಗಿ ಇನ್ನೂ ಹೊರಗೇ ಬಂದಿರಲಿಲ್ಲ!

ಇಲ್ಲಿಂದ ನನ್ನ ಪಾಪ. ಮದುವೆಗೆ ಮೊದಲು ಮನೆಗೆ ಸುಣ್ಣ ಹಚ್ಚಬೇಕು. ಬೀಗರು ಇಳಿಯುವುದು ಮಾವನ ಮನೆಯಲ್ಲಿ. ಆ ಗೋಡೆ ನೋಡಿ ನಕ್ಕರೆ? ಅವನು ಅಫಜಲಪುರಕ್ಕೆ ಹೋದ ದಿನ ನಾನೇ ಬಳಿದುಬಿಟ್ಟೆ. ಒಂದು ಸಲವಲ್ಲ, ಮೂರು ಸಲ! ಸಂಜೆ ಬಂದವನು ಬಿಳಿ ಗೋಡೆಯನ್ನು ಬೆರಳಿನಿಂದ ಸವರಿ ನೋಡಿದ. "ಸುಣ್ಣ ಚೊಲೊ ಕುಂತದ ಲೇ," ಎಂದು ಒಳಗೆ ಹೋದ.

ಮದುವೆಯಾದ ವಾರಕ್ಕೆ, ಇವನು ಆರೋಗ್ಯ ಇಲಾಖೆಗೆ ಬರೆದ ಅಂಚೆ ಕಾರ್ಡುಗಳ ಕಾಟ ತಾಳದೆ, ಅಲ್ಲಿನ ಸಾಹೇಬರ ಜೀಪು ಬಂತು. ಒಂದೇ ಬಾವಿಯ ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿಸಬಹುದಂತೆ. ಯಾವುದು? "ನಮ್ಮ ಓಣೀದು!" "ನಮ್ದು!" ಊರೇ ಕೂಗಿತು.

"ಗೋಡೆ ಮೇಲೆ ಎಲ್ಲ ಅದ ಅಂತ ಬರೆದಿದ್ರಲ್ಲ, ತೋರಿಸ್ರಿ," ಎಂದರು ಸಾಹೇಬರು.

ಮಾವ ನನ್ನತ್ತ ನೋಡಲೂ ಇಲ್ಲ. "ಅಳಿಸಿ ಹೋಗ್ಯಾವ್ರಿ," ಎಂದ. ಜೀಪು ಬೇರೆ ಊರಿಗೆ ಹೋಯಿತು. ಮರುದಿನವೇ ಅವನು ಮೊದಲ ಮನೆಯಿಂದ ಮತ್ತೆ ಕೇಳುತ್ತಾ, ಗೋಡೆಗೆ ಮತ್ತೆ ಚುಕ್ಕಿ ಇಡುತ್ತಾ ಹೊರಟ.

ಮುಂದಿನ ಬೇಸಿಗೆಯಲ್ಲಿ, ಹಗ್ಗದ ಬಾವಿಯ ಊರಿನಿಂದ ಬಂದ ನನ್ನ ಹೆಂಡತಿಯ ಕಾಲು ಊದಿಕೊಂಡಿತು. ನಾರು! ಮಾವ ದಿನಾ ಬಂದು ಹುಳವನ್ನು ಕಡ್ಡಿಗೆ ಸುತ್ತಿ ಬೆರಳಗಲ ಎಳೆಯುತ್ತಿದ್ದ. "ಅವಸರ ಮಾಡಿದ್ರ ಹರೀತದ, ತಡಿ ಮಗಳ." ಹುಳ ಪೂರ್ತಿ ಬಂದ ದಿನ ನನ್ನನ್ನು ಗೋಡೆಯ ಹತ್ತಿರ ಕರೆದೊಯ್ದ. ನಮ್ಮ ಮನೆಯ ಚೌಕ ಖಾಲಿ ಇತ್ತು. ಕುಂಚ ನನ್ನ ಕೈಗಿಟ್ಟ. "ನೀನ ಇಡು."

ಇಟ್ಟೆ.

ಜೀಪು ಮತ್ತೆ ಬಂತು. ಚುಕ್ಕಿಗಳು ಮುತ್ತಿಕೊಂಡಿದ್ದ ಬಾವಿ ಯಾವುದೆಂದು ಗೋಡೆಯೇ ಹೇಳಿತು. ಕಟ್ಟೆ ಬಂತು, ಹಗ್ಗ ಎಳೆಯುವ ಗಡಗಡೆ ಬಂತು. ಬರುಬರುತ್ತಾ ಹೊಸ ಚುಕ್ಕಿಗಳು ನಿಂತವು.

ಅಂದು ಕುಂಚ ಮರಳಿ ಕೊಡುವಾಗ ಬಾಯಿವರೆಗೂ ಬಂದ ಮಾತನ್ನು ನುಂಗಿ, "ಕೆಮ್ಮಣ್ಣು ತೆಳ್ಳಗಾಗ್ಯದ," ಎಂದಿದ್ದೆ. ಇವತ್ತು ಹೇಳುತ್ತೇನೆ, ಕೇಳಲು ನೀನಿಲ್ಲ. ತಪ್ಪಾತು, ಶರಣಪ್ಪ ಮಾವ.